ಸಂಜೆ ಏಳರಿಂದ ಎಂಟರ ಇಂಟರ್ನೆಟ್ ಯಾವ ಲೆಕ್ಕದಲ್ಲಿದೆ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ನಮ್ಮ ಭಾಗದ ಇಂಟರ್ನೆಟ್ ಬಳಕೆದಾರರ ಸಭೆಯ ವರದಿಯನ್ನು ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಸಂಜೆ ಏಳರಿಂದ ಎಂಟರವರೆಗೆ ಮನೆಗಳ ಫೈಬರ್ ಸಂಪರ್ಕ ಇದ್ದೂ ಇಲ್ಲದಂತಾಗುತ್ತದೆ ಎಂದು ಜನ ದೂರಿದ್ದರು. ಸೇವೆ ಕೊಡುವ ಖಾಸಗಿ ಕಂಪನಿಯ ಪ್ರತಿನಿಧಿ ಪರದೆಯ ಮೇಲೆ ಬಳಕೆಯ ನಕ್ಷೆ (ಗ್ರಾಫ್) ತೋರಿಸಿ, ತಿಂಗಳ 95ನೇ ಪರ್ಸೆಂಟೈಲ್ (ಇದೇನೆಂದು ಮುಂದೆ ಹೇಳುತ್ತೇನೆ) ಹಿಡಿದರೂ ಲೈನಿನ ಅರ್ಧಕ್ಕಿಂತ ತುಸು ಹೆಚ್ಚಷ್ಟೇ ಬಳಕೆಯಾಗುತ್ತಿದೆ, ಬಳಸುವ ಮನೆಗಳೂ ಇಲ್ಲಿ ಕಡಿಮೆ, ಹಾಗಾಗಿ ಸಾಮರ್ಥ್ಯ ಹೆಚ್ಚಿಸುವ ಅಗತ್ಯ ಕಾಣುವುದಿಲ್ಲ ಎಂದರಂತೆ. ಅದಾದ ಮೇಲೆ ನಿಮ್ಮ ಪತ್ರ ವಿಭಾಗದಲ್ಲಿ ಓದುಗರೊಬ್ಬರು, ಮಾಹಿತಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಹೊತ್ತೊಯ್ಯುವ ಸಾವಿರ ಪ್ಯಾಕೆಟ್‌ಗಳಲ್ಲಿ ಒಂದನ್ನು ಮಾತ್ರ ನೋಡಿ ಹೇಳುವ ಲೆಕ್ಕವೇ ಮೋಸ ಎಂದು ಬರೆದಿದ್ದರು. ಆ ಓದುಗರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವರು ಬೆರಳು ತೋರಿಸಿದ ಜಾಗ ಸರಿಯಲ್ಲ. ಕಂಪನಿಯ ಪ್ರತಿನಿಧಿಯ ತೀರ್ಮಾನವೂ ಸರಿಯಲ್ಲ. ಎರಡನ್ನೂ ಸ್ವಲ್ಪ ಬಿಡಿಸಿ ಹೇಳಬೇಕೆಂದು ಈ ಪತ್ರ.

ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದವಳು. ಬೆಂಗಳೂರಿನ ಇಂಟರ್ನೆಟ್ ಸೇವಾ ಕಂಪನಿಯೊಂದರ ನೆಟ್‌ವರ್ಕ್ ಕೋಣೆಯಲ್ಲಿ ಬಹಳ ವರ್ಷ ಟ್ರಾಫಿಕ್, ಅಂದರೆ ಲೈನಿನಲ್ಲಿ ಹರಿಯುವ ಮಾಹಿತಿಯನ್ನು ಅಳೆಯುವ ಕೆಲಸವನ್ನೇ ಮಾಡಿದೆ. ಈಗ ತೋಟದ ಮನೆಯಲ್ಲಿ ಕೂತು ಅದೇ ಕೆಲಸವನ್ನು ದೂರದಿಂದ ಮಾಡುತ್ತೇನೆ. ಹಾಗಾಗಿ ಆ ನಕ್ಷೆಯ ಹಿಂದೆ ಏನೇನು ನಡೆದಿರುತ್ತದೆ ಎಂಬುದು ನನಗೆ ಗೊತ್ತು.

ಮೊದಲು ಮಾದರಿಯ ವಿಷಯ. 10 ಗಿಗಾಬಿಟ್ ವೇಗದ ಒಂದು ಲೈನು ಅತಿ ಸಣ್ಣ ಪ್ಯಾಕೆಟ್‌ಗಳಿಂದ ತುಂಬಿ ಹರಿದರೆ ಸೆಕೆಂಡಿಗೆ ಸುಮಾರು 1 ಕೋಟಿ 48 ಲಕ್ಷ ಪ್ಯಾಕೆಟ್‌ಗಳು ಹಾದುಹೋಗುತ್ತವೆ. ಒಂದೊಂದನ್ನೂ ನೋಡಿ ಬರೆದಿಡಲು ರೂಟರಿಗೆ ಸಿಗುವ ಸಮಯ ಒಂದು ಸೆಕೆಂಡಿನ ಕೋಟಿ ಪಾಲಿನಲ್ಲಿ ಒಂದು ಪಾಲೂ ಅಲ್ಲ. ರೂಟರಿನ ಮೂಲ ಕೆಲಸ ಪ್ಯಾಕೆಟ್ಟನ್ನು ಸರಿಯಾದ ದಾರಿಗೆ ಕಳಿಸುವುದು. ಲೆಕ್ಕ ಬರೆಯುತ್ತಾ ಕೂತರೆ ಕಳಿಸುವ ಕೆಲಸ ನಿಲ್ಲುತ್ತದೆ. ಇದು ಇಂದಿನ ಸಮಸ್ಯೆಯೂ ಅಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆಗಳನ್ನು ಜೋಡಿಸಿದ್ದ ಎನ್‌ಎಸ್‌ಎಫ್‌ನೆಟ್ ಜಾಲ 1991ರಲ್ಲೇ, ಇಂದಿನ ಒಂದು ಮನೆಯ ಸಂಪರ್ಕಕ್ಕಿಂತಲೂ ಕಡಿಮೆ ವೇಗದ ಬೆನ್ನೆಲುಬು ಲೈನುಗಳಲ್ಲಿ, ಎಣಿಸಿ ಪೂರೈಸಲಾಗದೆ ಐವತ್ತು ಪ್ಯಾಕೆಟ್‌ಗಳಿಗೆ ಒಂದರಂತೆ ಆರಿಸಿ ನೋಡಲು ತೊಡಗಿತು. 1996ರಲ್ಲಿ ಸಿಸ್ಕೊ ಕಂಪನಿ ಟ್ರಾಫಿಕ್ಕಿನ ಲೆಕ್ಕ ಇಡುವ ನೆಟ್‌ಫ್ಲೋ ತಂದಿತು, 2001ರಲ್ಲಿ ಪ್ಯಾಕೆಟ್ ಆರಿಸಿ ನೋಡುವ ಎಸ್‌ಫ್ಲೋ ಕ್ರಮದ ವಿವರ ಪ್ರಕಟವಾಯಿತು. ಇಂದು ದೊಡ್ಡ ಜಾಲಗಳಲ್ಲಿ ಸಾವಿರಕ್ಕೊಂದು, ಎರಡು ಸಾವಿರಕ್ಕೊಂದು ಆರಿಸುವುದು ಸಾಮಾನ್ಯ.

ನಮ್ಮವರು ಕೃಷಿಭವನಕ್ಕೆ ಪರೀಕ್ಷೆಗೆಂದು ಮಣ್ಣು ಕೊಂಡೊಯ್ಯುವುದನ್ನು ನೆನಪಿಸಿಕೊಳ್ಳಿ. ತೋಟದ ಹತ್ತು ಹದಿನೈದು ಕಡೆ ಅಗೆದು, ಗೊಬ್ಬರದ ರಾಶಿಯ ಬಳಿ ಮತ್ತು ಬದುವಿನ ಅಂಚಿನಲ್ಲಿ ತೆಗೆಯದೆ, ಎಲ್ಲವನ್ನೂ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಟ್ಟು, ಹೀಗೆ ಇಳಿಸುತ್ತಾ ಕೊನೆಗೆ ಅರ್ಧ ಕಿಲೊ ಉಳಿಸುತ್ತೇವೆ. ಇಡೀ ತೋಟಕ್ಕೆ ಹೋಲಿಸಿದರೆ ಆ ಅರ್ಧ ಕಿಲೊ ಏನೇನೂ ಅಲ್ಲ. ಆದರೂ ಪೊಟ್ಯಾಶ್ ಎಷ್ಟು ಹಾಕಬೇಕೆಂದು ಅದರಿಂದ ತಿಳಿಯುತ್ತದೆ, ಏಕೆಂದರೆ ಮಣ್ಣು ತೆಗೆದ ಕ್ರಮ ಸರಿಯಾಗಿದೆ. ಆದರೆ ನಾಲ್ಕನೇ ಸಾಲಿನ ಒಂದು ಕಂಗಿಗೆ (ಅಡಿಕೆ ಮರಕ್ಕೆ) ಹಳದಿ ಎಲೆ ರೋಗ ಬಂದಿದೆಯೇ ಎಂದು ಅದೇ ಪೊಟ್ಟಣವನ್ನು ಕೇಳಿದರೆ ಉತ್ತರ ಸಿಗದು. ಆ ಪೊಟ್ಟಣ ಕಟ್ಟಿದ್ದು ಆ ಪ್ರಶ್ನೆಗಲ್ಲ.

ಪ್ಯಾಕೆಟ್‌ಗಳಲ್ಲೂ ಹಾಗೆಯೇ. ಅಂದಾಜಿನ ನಿಖರತೆ ನಿಂತಿರುವುದು ಸಾವಿರಕ್ಕೊಂದೋ ಐವತ್ತಕ್ಕೊಂದೋ ಎಂಬುದರ ಮೇಲೆ ಅಷ್ಟಾಗಿ ಅಲ್ಲ, ಕೈಗೆ ಬಂದ ಮಾದರಿಗಳು ಒಟ್ಟು ಎಷ್ಟು ಎಂಬುದರ ಮೇಲೆ. ಒಂದು ಬಗೆಯ ಟ್ರಾಫಿಕ್ಕಿಗೆ, ಅಂದರೆ ವೀಡಿಯೊಗೆ ಎಂದಿಟ್ಟುಕೊಳ್ಳಿ, 100 ಮಾದರಿ ಸಿಕ್ಕಿದರೆ ಅಂದಾಜು ನೂರಕ್ಕೆ ಇಪ್ಪತ್ತರಷ್ಟು ಆಚೀಚೆ ಇರಬಹುದು. 10,000 ಮಾದರಿ ಸಿಕ್ಕಿದರೆ ನೂರಕ್ಕೆ ಎರಡರಷ್ಟು. ಇದು ನೂರಕ್ಕೆ 95 ಬಾರಿ ನಿಲ್ಲುವ ಲೆಕ್ಕ. ತುಂಬಿ ಹರಿಯುವ ಲೈನಿನಲ್ಲಿ ಹತ್ತು ಸಾವಿರ ಮಾದರಿ ಸಿಗಲು ಹೆಚ್ಚು ಹೊತ್ತು ಬೇಕಾಗಿಲ್ಲ. ಆದ್ದರಿಂದ ನಮ್ಮ ಲೈನಿನಲ್ಲಿ ವೀಡಿಯೊ ಪಾಲು ಎಷ್ಟು ಎಂದು ಕಂಪನಿ ಹೇಳಿದರೆ ನಾನು ನಂಬುತ್ತೇನೆ. 1950ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಾದರಿ ಸಮೀಕ್ಷೆಯೂ ಪ್ರತಿ ಮನೆಯ ಬಾಗಿಲು ತಟ್ಟದೆಯೇ ದೇಶದ ಖರ್ಚುವೆಚ್ಚವನ್ನು ಅಂದಾಜು ಮಾಡುತ್ತದೆ.

ನಮ್ಮ ಮೆಸೇಜುಗಳನ್ನು ಓದುತ್ತಾರೆಯೇ ಎಂದು ಸಭೆಯಲ್ಲಿ ಯಾರೋ ಕೇಳಿದ್ದು ವರದಿಯಲ್ಲಿತ್ತು. ಎಸ್‌ಫ್ಲೋ ಸಾಮಾನ್ಯವಾಗಿ ಆರಿಸಿದ ಪ್ಯಾಕೆಟ್ಟಿನ ಮೊದಲ 128 ಬೈಟುಗಳನ್ನಷ್ಟೇ ನಕಲು ಮಾಡುತ್ತದೆ. ಎಲ್ಲಿಂದ ಎಲ್ಲಿಗೆ, ಯಾವ ಬಗೆಯ ಸೇವೆ ಎಂಬುದು ಅದರಲ್ಲಿ ಕಾಣುತ್ತದೆ. ಗೂಢಲಿಪಿಯಲ್ಲಿ ಹೋಗುವ ಸಂದೇಶವನ್ನು ಅದರಿಂದ ಓದಲಾಗದು. ಯಾರು ಯಾರೊಂದಿಗೆ ಸಂಪರ್ಕದಲ್ಲಿದ್ದಾರೆ ಎಂಬುದೂ ಸಣ್ಣ ವಿಷಯವಲ್ಲ, ಹಾಗಾಗಿ ಅದನ್ನು ಎಷ್ಟು ದಿನ ಇಟ್ಟುಕೊಳ್ಳುತ್ತೀರಿ ಎಂದು ಕಂಪನಿಯನ್ನು ಕೇಳುವ ಹಕ್ಕು ನಮಗಿದೆ.

ಇನ್ನು ಬಳಸುವ ಮನೆಗಳು ಕಡಿಮೆ ಎಂಬ ಮಾತು. ಮಾದರಿಯಲ್ಲಿ ಕಂಡ ಸಂಪರ್ಕಗಳನ್ನು ಎಣಿಸಿ ಹಾಗೆ ಹೇಳಿದ್ದರೆ ಅದು ತಪ್ಪು ಲೆಕ್ಕ. 150 ಎಂಬಿಯ ಒಂದು ವೀಡಿಯೊ ಎಂದರೆ ಸುಮಾರು ಒಂದು ಲಕ್ಷ ಪ್ಯಾಕೆಟ್. ಸಾವಿರಕ್ಕೊಂದು ಆರಿಸಿದರೆ ಅದರ ನೂರು ಮಾದರಿ ಬಲೆಗೆ ಬೀಳುತ್ತವೆ. ಆದರೆ ಅಂಗಡಿಯ ಕಟ್ಟೆಯಲ್ಲಿ ನಿಂತು ಮಾಡುವ ಒಂದು ಯುಪಿಐ ಪಾವತಿ, ಸರ್ಕಾರಿ ಸೇವೆಗಳ ಅಕ್ಷಯ ಕೇಂದ್ರದಲ್ಲಿ ತುಂಬುವ ಒಂದು ಅರ್ಜಿಯ ಪುಟ, ಒಂದು ಬ್ಯಾಂಕ್ ಲಾಗಿನ್, ಇವು ಬರೀ ಹತ್ತಾರು ಪ್ಯಾಕೆಟ್‌ಗಳ ವ್ಯವಹಾರ. 30 ಪ್ಯಾಕೆಟ್‌ಗಳ ವ್ಯವಹಾರವೊಂದು ಸಾವಿರಕ್ಕೊಂದರ ಆಯ್ಕೆಯಲ್ಲಿ ಒಮ್ಮೆಯೂ ಕಾಣದೆ ಹೋಗುವ ಸಾಧ್ಯತೆ ನೂರಕ್ಕೆ 97. ದಿನವಿಡೀ ವೀಡಿಯೊ ನೋಡುವ ಮನೆ ಲೆಕ್ಕದಲ್ಲಿ ದೊಡ್ಡದಾಗಿ ನಿಲ್ಲುತ್ತದೆ. ಪಿಂಚಣಿ ಬಂತೇ ಎಂದು ನೋಡಲಷ್ಟೇ ನೆಟ್ ಬಳಸುವ ಮನೆ ಇಲ್ಲವೇ ಇಲ್ಲ ಎಂಬಂತಾಗುತ್ತದೆ. ಈ ವಿದ್ಯೆಯವರು ದೊಡ್ಡ ಹರಿವುಗಳನ್ನು ಆನೆ ಎಂದೂ ಸಣ್ಣವನ್ನು ಇಲಿ ಎಂದೂ ಕರೆಯುತ್ತಾರೆ. ಸಂಶೋಧಕರಾದ ಕ್ರಿಸ್ಟಿಯನ್ ಎಸ್ತಾನ್ ಮತ್ತು ಜಾರ್ಜ್ ವರ್ಗೀಸ್ 2002ರಲ್ಲಿ ಮಂಡಿಸಿದ ಕ್ರಮ, ರೂಟರಿನಲ್ಲಿರುವ ಅಲ್ಪ ಮೆಮೊರಿಯಲ್ಲಿ ಆನೆಗಳನ್ನು ನಿಖರವಾಗಿ ಎಣಿಸಲು, ಇಲಿಗಳನ್ನು ತಿಳಿದೇ ಬಿಡಲು ಮಾಡಿದ್ದು. ಯಾವ ಹರಿವು ಲೈನನ್ನು ತುಂಬಿಸುತ್ತಿದೆ ಎಂದು ಹುಡುಕಲು ಅದು ಅತ್ಯುತ್ತಮ. ಊರಿನಲ್ಲಿ ಎಷ್ಟು ಮನೆಗಳಿಗೆ ಇಂಟರ್ನೆಟ್ ಬೇಕು ಎಂದು ಹೇಳಲು ಅಂಥ ಲೆಕ್ಕಗಳನ್ನು ಬಳಸಬಾರದು. ಬಳಕೆದಾರರ ಸಂಖ್ಯೆ ಬೇಕಾದರೆ ಕಂಪನಿಯ ಬಿಲ್ ಪುಸ್ತಕದಲ್ಲೇ ಇದೆ.

ಈಗ ನಿಜವಾಗಿ ಎಲ್ಲರೂ ನೋಡಬೇಕಾದ ಜಾಗಕ್ಕೆ ಬರುತ್ತೇನೆ. ಅದು ಪ್ಯಾಕೆಟ್ಟಿನ ಮಾದರಿಯಲ್ಲ, ಸಮಯದ ಮಾದರಿ. ಪ್ರತಿನಿಧಿ ತೋರಿಸಿದ ನಕ್ಷೆಗೆ ಸಾವಿರಕ್ಕೊಂದರ ಆಯ್ಕೆಯ ಸಂಬಂಧವೇ ಇಲ್ಲ. ರೂಟರಿನ ಪ್ರತಿ ಪೋರ್ಟಿನಲ್ಲೂ ಹಾದುಹೋದ ಬೈಟುಗಳನ್ನೆಲ್ಲ ಎಣಿಸುವ ಕೌಂಟರ್ ಇರುತ್ತದೆ. ಐದು ನಿಮಿಷಕ್ಕೊಮ್ಮೆ ಆ ಅಂಕಿ ಓದಿ, ಹಿಂದಿನದನ್ನು ಕಳೆದು, ಐದು ನಿಮಿಷದ ಸರಾಸರಿ ವೇಗ ಬರೆಯುತ್ತಾರೆ. ಒಂದು ತಿಂಗಳಿಗೆ, ಅಂದರೆ 30 ದಿನಕ್ಕೆ, ಇಂಥ 8,640 ಅಂಕಿಗಳು ಸಿಗುತ್ತವೆ. 95ನೇ ಪರ್ಸೆಂಟೈಲ್ ಎಂದರೆ ಅವನ್ನೆಲ್ಲ ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಜೋಡಿಸಿ, ಮೇಲಿನ ನೂರಕ್ಕೆ ಐದು ಪಾಲನ್ನು ತೆಗೆದುಹಾಕಿ, ಉಳಿದುದರಲ್ಲಿ ಅತಿ ದೊಡ್ಡದನ್ನು ಓದುವುದು. ತೆಗೆದುಹಾಕುವ ಅಂಕಿಗಳು 432. ಐದೈದು ನಿಮಿಷದಂತೆ ಅವು 2,160 ನಿಮಿಷ, ಅಂದರೆ 36 ಗಂಟೆ. ಮೂವತ್ತು ದಿನಕ್ಕೆ ಹಂಚಿದರೆ ದಿನಕ್ಕೆ 72 ನಿಮಿಷ.

ಓದುಗರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕೆಂದು ಬೇಡುತ್ತೇನೆ. ನಮ್ಮ ದೂರು ಪ್ರತಿದಿನ ಸಂಜೆ ಏಳರಿಂದ ಎಂಟರ ಬಗ್ಗೆ. ಅದು ದಿನಕ್ಕೆ 60 ನಿಮಿಷ, ತಿಂಗಳಿಗೆ 30 ಗಂಟೆ. ಈ ಲೆಕ್ಕ ತಿಂಗಳಿಗೆ 36 ಗಂಟೆಯ ಅತ್ಯಂತ ಇಕ್ಕಟ್ಟಿನ ಹೊತ್ತನ್ನು ನೋಡದೆಯೇ ಬಿಸಾಡುತ್ತದೆ. ಆ ಒಂದು ಗಂಟೆ ಲೈನು ಪ್ರತಿದಿನವೂ ತುಂಬಿ ತುಳುಕಿದರೂ, ಒಂದೇ ಒಂದು ನಿಮಿಷವೂ ಆ ಅಂಕಿಯೊಳಗೆ ಬರಬೇಕೆಂದಿಲ್ಲ. ಪ್ರತಿನಿಧಿ ಸುಳ್ಳು ಹೇಳಲಿಲ್ಲ. ಜನರೂ ಸುಳ್ಳು ಹೇಳಲಿಲ್ಲ. ಪ್ರತಿನಿಧಿ ತೋರಿಸಿದ ಅಂಕಿ ನಮ್ಮ ದೂರಿನ ಹೊತ್ತನ್ನು ಪೂರ್ತಿ ಬಿಟ್ಟು ಮಾಡಿದ್ದಿರಬಹುದು.

ಈ ಕ್ರಮ ಹುಟ್ಟಿದ್ದು ಬಿಲ್ಲಿಗಾಗಿ. ದೊಡ್ಡ ಜಾಲದಿಂದ ಸಗಟಾಗಿ ಬ್ಯಾಂಡ್‌ವಿಡ್ತ್ ಕೊಳ್ಳುವ ಕಂಪನಿಗೆ ಎಂದೋ ಒಮ್ಮೆ ಬಳಕೆ ಏರಿದ್ದಕ್ಕೆ ತಿಂಗಳಿಡೀ ದುಬಾರಿ ಬಿಲ್ ಹಾಕಬಾರದು ಎಂದು ಮೇಲಿನ ಐದು ಪಾಲನ್ನು ಬಿಡುತ್ತಾರೆ. ಹಣದ ವ್ಯವಹಾರಕ್ಕೆ ಅದು ನ್ಯಾಯವೇ. ಆದರೆ ಊರಿಗೆ ಲೈನು ಸಾಕೇ ಎಂದು ನಿರ್ಧರಿಸಲು ಅದೇ ಅಂಕಿಯನ್ನು ತಂದು ನಿಲ್ಲಿಸುವುದನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದ ದಿನಗಳಿಂದಲೂ ಒಪ್ಪಿಲ್ಲ.

ಉದ್ದದ ಅವಧಿಯ ನಕ್ಷೆಗಳಲ್ಲಿ ತೊಂದರೆ ಇನ್ನೂ ಹೆಚ್ಚು. 1990ರ ದಶಕದಿಂದ ಬಳಕೆಯಲ್ಲಿರುವ ಎಂಆರ್‌ಟಿಜಿ ಎಂಬ ಸಾಧನ ದಿನದ ನಕ್ಷೆಗೆ ಐದು ನಿಮಿಷದ ಸರಾಸರಿ ಹಾಕುತ್ತದೆ, ವಾರದ್ದಕ್ಕೆ ಅರ್ಧ ಗಂಟೆಯದು, ತಿಂಗಳದ್ದಕ್ಕೆ ಎರಡು ಗಂಟೆಯದು, ವರ್ಷದ್ದಕ್ಕೆ ಇಡೀ ದಿನದ್ದು. ಲೈನು ದಿನಕ್ಕೊಂದು ಗಂಟೆ ಪೂರ್ತಿ ತುಂಬಿ, ಉಳಿದ 23 ಗಂಟೆ ನೂರಕ್ಕೆ 30ರಷ್ಟು ಇದ್ದರೆ ವರ್ಷದ ನಕ್ಷೆಯಲ್ಲಿ ಅದು 33ರ ಹತ್ತಿರದ ನೇರ ಗೆರೆಯಾಗಿ ಕಾಣುತ್ತದೆ. ಐದು ನಿಮಿಷದ ಅಂಕಿಯೂ ಎಲ್ಲವನ್ನೂ ಹೇಳುವುದಿಲ್ಲ. ಪ್ಯಾಕೆಟ್‌ಗಳು ಸಮಾನ ಅಂತರದಲ್ಲಿ ಬರುವುದಿಲ್ಲ, ಗುಂಪುಗುಂಪಾಗಿ ಬರುತ್ತವೆ. 1990ರ ದಶಕದ ಮೊದಲಲ್ಲಿ ಅಮೆರಿಕದ ದೂರವಾಣಿ ಸಂಶೋಧನಾ ಸಂಸ್ಥೆ ಬೆಲ್‌ಕೋರ್‌ನ ಸಂಶೋಧಕರು ಕಂಪ್ಯೂಟರುಗಳನ್ನು ಜೋಡಿಸುವ ಈಥರ್ನೆಟ್ ಜಾಲವನ್ನು ಅಳೆದು, ಹೊತ್ತನ್ನು ಎಷ್ಟು ಹಿಗ್ಗಿಸಿ ನೋಡಿದರೂ ಈ ಗುಂಪುತನ ಸಮತಟ್ಟಾಗದೆ ಉಳಿಯುತ್ತದೆ ಎಂದು ತೋರಿಸಿದರು. ರೂಟರಿನಲ್ಲಿ ಪ್ಯಾಕೆಟ್ ಕಾಯುವ ಸರದಿ ಕೆಲವು ಮಿಲಿಸೆಕೆಂಡು ತುಂಬಿದರೆ ಸಾಕು, ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ, ಗಲ್ಫಿನಿಂದ ಬಂದ ಕರೆಯಲ್ಲಿ ಮಗನ ಮಾತು ನಡುವೆ ತುಂಡಾಗುತ್ತದೆ. ನಮ್ಮಲ್ಲಿ ಏಳು ಗಂಟೆಯಾದಾಗ ದುಬೈಯಲ್ಲಿ ಐದೂವರೆ. ಡ್ಯೂಟಿ ಮುಗಿಸಿ ಮನೆಗೆ ಕರೆ ಮಾಡುವ ಹೊತ್ತು. ಇಲ್ಲಿ ಮಕ್ಕಳ ಓದು, ಯೂಟ್ಯೂಬಿನಲ್ಲಿ ಯಕ್ಷಗಾನದ ನೇರ ಪ್ರಸಾರ, ಅಂಗಡಿಯವರ ಲೆಕ್ಕ, ಎಲ್ಲವೂ ಅದೇ ಗಂಟೆಗೆ. ಹತ್ತು ನಿಮಿಷದ ಧ್ವನಿ ಕರೆಯಲ್ಲಿ ಒಂದು ಕಡೆಯಿಂದ ಸುಮಾರು 30,000 ಪ್ಯಾಕೆಟ್ ಹೋಗುತ್ತವೆ. ಸಾವಿರಕ್ಕೊಂದರ ಆಯ್ಕೆಯಲ್ಲಿ ಮೂವತ್ತು ಸಿಗುತ್ತವೆ. ಕರೆ ನಡೆದದ್ದು ದಾಖಲಾಗುತ್ತದೆ. ಅದು ಕೇಳಿಸುವಂತಿತ್ತೇ ಎಂಬುದು ದಾಖಲಾಗುವುದಿಲ್ಲ.

ಇದಕ್ಕಿಂತ ಆಳದ ತೊಡಕೂ ಒಂದಿದೆ. ಲೈನಿನಲ್ಲಿ ಅಳೆಯುವುದು ಹಾದುಹೋದ ಟ್ರಾಫಿಕ್ಕನ್ನು, ಹಾದುಹೋಗಲು ಬಯಸಿದ್ದನ್ನಲ್ಲ. ಪ್ಯಾಕೆಟ್ ಕಳೆದುಹೋದದ್ದು ಗೊತ್ತಾದ ಕೂಡಲೇ, ಮಾಹಿತಿ ಕಳಿಸುವುದನ್ನು ನಡೆಸುವ ಟಿಸಿಪಿ ಎಂಬ ನಿಯಮಾವಳಿ ತಾನಾಗಿಯೇ ವೇಗ ತಗ್ಗಿಸುತ್ತದೆ. ಇಂಟರ್ನೆಟ್ ಕುಸಿಯದೆ ನಿಂತಿರುವುದೇ ಈ ಸಂಯಮದಿಂದ. ವೀಡಿಯೊ ತಾನೇ ಮಸುಕಾದ ಗುಣಮಟ್ಟಕ್ಕೆ ಇಳಿಯುತ್ತದೆ. ಮಗು ಪಾಠ ಮುಚ್ಚಿಟ್ಟು ಏಳುತ್ತದೆ, ಅಂಗಡಿಯಾತ ನಗದು ಕೇಳುತ್ತಾನೆ. ಇಕ್ಕಟ್ಟು ಹೆಚ್ಚಿದಷ್ಟೂ ಬೇಡಿಕೆ ಲೆಕ್ಕದಿಂದ ಹೊರಗೇ ಉಳಿಯುತ್ತದೆ. ಹೀಗೆ ಬಿಟ್ಟು ಎದ್ದವರನ್ನು ಎಣಿಸದೆ ಇಲ್ಲಿ ಬೇಡಿಕೆ ಇಲ್ಲ ಎನ್ನುವುದು ನನಗೆ ನಿಜಕ್ಕೂ ನೋವು ಕೊಡುತ್ತದೆ.

ಟೆಲಿಕಾಂ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಇದನ್ನು ಮೊದಲೇ ಯೋಚಿಸಿತ್ತು. ಬ್ರಾಡ್‌ಬ್ಯಾಂಡ್ ಗುಣಮಟ್ಟದ ಬಗ್ಗೆ 2006ರಲ್ಲಿ ಅದು ಮಾಡಿದ ನಿಯಮಗಳಲ್ಲಿ ಲೈನಿನ ಬಳಕೆ ನೂರಕ್ಕೆ 80ರ ಒಳಗಿರಬೇಕು ಎಂದಿತ್ತು, ಅದೂ ದಿನದ ಸರಾಸರಿಯಲ್ಲಿ ಅಲ್ಲ, ದಟ್ಟಣೆಯ ಹೊತ್ತಿನಲ್ಲಿ. 90 ದಾಟಿದರೆ ಇಕ್ಕಟ್ಟು ಎಂದೇ ಪರಿಗಣಿಸಿ, ತಡವೆಂದರೂ ಒಂದು ತಿಂಗಳೊಳಗೆ ಸಾಮರ್ಥ್ಯ ಹೆಚ್ಚಿಸಬೇಕು ಎಂದಿತ್ತು. 2024ರಲ್ಲಿ ಟ್ರಾಯ್ ಗುಣಮಟ್ಟದ ನಿಯಮಗಳನ್ನು ಒಟ್ಟುಗೂಡಿಸಿ ಹೊಸದಾಗಿ ಹೊರಡಿಸಿದೆ. ದಟ್ಟಣೆಯ ಗಂಟೆಯನ್ನು ಬೇರೆಯಾಗಿ ನೋಡಬೇಕೆಂಬುದು ಟೆಲಿಫೋನ್ ಎಕ್ಸ್‌ಚೇಂಜಿನ ಕಾಲದಿಂದಲೂ ಈ ಕ್ಷೇತ್ರದ ರೂಢಿ. ಪ್ರತಿದಿನದ ಅದೇ ಒಂದು ಗಂಟೆಯನ್ನು ಎತ್ತಿಕೊಂಡು ಅದನ್ನೇ ಅಳೆಯುತ್ತಿದ್ದರು. ನಮ್ಮ ಜನ ಕೇಳುತ್ತಿರುವುದೂ ಅಷ್ಟೇ.

ನಮ್ಮ ಕಡೆಯ ಲೆಕ್ಕವೂ ಗಟ್ಟಿಯಾಗಬೇಕು. ನೆಟ್ ನಿಧಾನವಾದಾಗಲೆಲ್ಲ ಸ್ಪೀಡ್ ಟೆಸ್ಟ್ ಮಾಡಿ ಫೋಟೊ ಕಳಿಸಿ ಎಂದು ಸಭೆಯಲ್ಲಿ ತೀರ್ಮಾನವಾಗಿದೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಟ್ಟ ಹೊತ್ತನ್ನೇ ಆರಿಸಿ ತಂದರೆ ಕಂಪನಿಯ ಇಂಜಿನಿಯರು ಒಂದೇ ಮಾತಿನಲ್ಲಿ ಅದನ್ನು ತಳ್ಳಿಹಾಕಬಹುದು, ತಳ್ಳಿಹಾಕಿದರೆ ತಪ್ಪೂ ಅಲ್ಲ. ಗಂಟೆಗೆ ಸರಿಯಾಗಿ ಒಂದೊಂದು ಸಲ ನೋಡುವುದೂ ಬೇಡ. ಗಂಟೆಗೊಮ್ಮೆ ನಡೆಯುವ ಬೇರೆ ಯಾವುದೋ ಕೆಲಸದ ಜೊತೆ ನಮ್ಮ ಅಳತೆ ತಾಳ ಕೂಡಿಬಿಟ್ಟರೆ ಪ್ರತಿ ಸಲವೂ ಅದೇ ಕಾಣುತ್ತದೆ. ಇಂಟರ್ನೆಟ್ ಮಾನಕಗಳನ್ನು ರೂಪಿಸುವ ಐಇಟಿಎಫ್ 1998ರಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 2330 ಎಂಬ ದಾಖಲೆ, ಅಳೆಯುವ ಗಳಿಗೆಗಳನ್ನು ಯಾದೃಚ್ಛಿಕವಾಗಿ ಆರಿಸುವಂತೆ ಹೇಳುವುದು ಇದೇ ಕಾರಣಕ್ಕೆ. ಮುಂದಿನ ಗಳಿಗೆ ಯಾರಿಗೂ ಮೊದಲೇ ಗೊತ್ತಿರಬಾರದು.

ಮನೆಯಲ್ಲಿ ಇದನ್ನು ಚೀಟಿ ಎತ್ತಿಯೇ ಮಾಡಬಹುದು. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗಿನ ಅರ್ಧರ್ಧ ಗಂಟೆಗಳಿಗೆ 24 ಚೀಟಿ ಒಂದು ಡಬ್ಬಿಯಲ್ಲಿ, ಸಂಜೆ ಆರರಿಂದ ರಾತ್ರಿ ಹತ್ತರವರೆಗಿನ 8 ಚೀಟಿ ಇನ್ನೊಂದರಲ್ಲಿ. ದಿನಾ ಬೆಳಿಗ್ಗೆ ಎರಡೂ ಡಬ್ಬಿಯಿಂದ ಎರಡೆರಡು ಎತ್ತಿ, ಬಂದ ಹೊತ್ತಿಗೆ ಅಳೆದು ಬರೆದಿಡಿ. ವೈಫೈಯಲ್ಲಿ ಅಲ್ಲ, ಕೇಬಲ್ ಚುಚ್ಚಿದ ಕಂಪ್ಯೂಟರಿನಿಂದ, ಪ್ರತಿ ಸಲವೂ ಅದೇ ಸರ್ವರಿಗೆ. ಮನೆಯ ಬೇರೆ ಯಾರೂ ಆಗ ದೊಡ್ಡ ಡೌನ್‌ಲೋಡ್ ಮಾಡದಿರಲಿ. ವೇಗ ಚೆನ್ನಾಗಿ ಬಂದರೂ ಬರೆಯಲೇಬೇಕು, ಮರೆತು ಹೋದರೆ ಮರೆತದ್ದನ್ನೂ ಬರೆಯಬೇಕು. ಕೊನೆಗೆ ಎರಡು ಡಬ್ಬಿಯ ಅಂಕಿಗಳನ್ನು ಬೆರೆಸಬಾರದು. ಬೆರೆಸಿದರೆ ಕಂಪನಿ ಮಾಡಿದ್ದನ್ನೇ ನಾವೂ ಮಾಡಿದಂತೆ. ಬೇರೆಬೇರೆ ಬೈಲಿನ ಕೆಲವು ಮನೆಗಳು ಒಂದು ತಿಂಗಳು ಹೀಗೆ ಬರೆದಿಟ್ಟರೆ ಆ ಕಾಗದವನ್ನು ಯಾರೂ ತಳ್ಳಿಹಾಕಲಾರರು.

ಗಡಿಯವರಾದ ನಮಗೆ ಇನ್ನೊಂದು ಕಷ್ಟವಿದೆ. ಟೆಲಿಕಾಂ ಲೆಕ್ಕದಲ್ಲಿ ನಾವು ಕೇರಳ ವಲಯ. ಆದರೆ ತಲಪಾಡಿಯ ಆಸುಪಾಸಿನಲ್ಲಿ ಮೊಬೈಲಿಗೆ ಕರ್ನಾಟಕದ ಟವರೇ ಸಿಗುವುದುಂಟು, ಆಗ ಅಲ್ಲಿಯ ಅಳತೆ ಆ ವಲಯಕ್ಕೆ ಸೇರುತ್ತದೆ. ಇಂಟರ್ನೆಟ್ಟಿನಲ್ಲಿ ನಮ್ಮ ಮನೆಯ ಸಂಪರ್ಕವನ್ನು ಗುರುತಿಸುವ ಐಪಿ ವಿಳಾಸವನ್ನು ಹುಡುಕಿದರೆ ನಕ್ಷೆಯಲ್ಲಿ ಕೊಚ್ಚಿ ಎಂದು ಬರುತ್ತದೆ. ಐಪಿ ವಿಳಾಸ ನೋಡಿ ಜಿಲ್ಲಾವಾರು ಲೆಕ್ಕ ಮಾಡುವವರಿಗೆ ಎಣ್ಮಕಜೆ, ಪೈವಳಿಕೆ, ವರ್ಕಾಡಿಯಲ್ಲಿ ಕನ್ನಡ ಪುಟ ಓದುವವರು ಕಾಣುವುದೇ ಇಲ್ಲ; ಕಂಡರೂ ಕೊಚ್ಚಿಯವರ ಹೆಸರಿನಲ್ಲಿ. 2023ರ ಜೂನ್‌ನಲ್ಲಿ ಉದ್ಘಾಟನೆಯಾದ ಕೇರಳ ಸರ್ಕಾರದ ಇಂಟರ್ನೆಟ್ ಯೋಜನೆ ಕೆ-ಫೋನ್ 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕ ಕೊಡುವ ಗುರಿಯಿಟ್ಟುಕೊಂಡಿತ್ತು. ಅಂಥ ಮನೆಗಳ ಬಳಕೆ ಬಹುಪಾಲು ಸಣ್ಣ ಸಣ್ಣ ವ್ಯವಹಾರಗಳದ್ದೇ ಆಗಿರುತ್ತದೆ. ಈಗಿನ ಲೆಕ್ಕದ ಕ್ರಮವನ್ನೇ ಅವರಿಗೂ ಅನ್ವಯಿಸಿದರೆ ಯಾವ ಊರಿಗೆ ಮೊದಲು ಲೈನು ಎಂಬ ಪಟ್ಟಿಯಲ್ಲಿ ನಮ್ಮ ಊರುಗಳು ಕೆಳಗೇ ಉಳಿಯುತ್ತವೆ ಎಂಬ ಆತಂಕ ನನ್ನದು.

ಹಾಗಾಗಿ ಸೇವಾ ಕಂಪನಿಗೆ ನನ್ನ ಒತ್ತಾಯ: ಇನ್ನು ಮುಂದೆ ಜನರ ಮುಂದೆ ನಕ್ಷೆ ಇಡುವಾಗ ಅದರ ಕೆಳಗೆ ಅಳತೆಯ ಕ್ರಮವನ್ನೂ ಬರೆಯಿರಿ. ಎಷ್ಟು ಪ್ಯಾಕೆಟ್ಟಿಗೆ ಒಂದು, ಎಣಿಕೆ ಹಿಡಿದು (ಇಂತಿಷ್ಟು ಪ್ಯಾಕೆಟ್ಟಿಗೊಮ್ಮೆ) ಆರಿಸಿದ್ದೇ ಅಥವಾ ಗಡಿಯಾರ ಹಿಡಿದೇ (ಇಂತಿಷ್ಟು ಹೊತ್ತಿಗೊಮ್ಮೆ). ಈ ಪ್ರಶ್ನೆ ಕ್ಷುಲ್ಲಕವಲ್ಲ. ಕ್ಲಾಫಿ, ಪೊಲಿಜೋಸ್, ಬ್ರೌನ್ ಎಂಬ ಸಂಶೋಧಕರು 1993ರಲ್ಲೇ ಎನ್‌ಎಸ್‌ಎಫ್‌ನೆಟ್ ಟ್ರಾಫಿಕ್ ಹಿಡಿದು, ಗಡಿಯಾರ ನೋಡಿ ಆರಿಸುವ ಕ್ರಮ ಎಣಿಸಿ ಆರಿಸುವ ಕ್ರಮಕ್ಕಿಂತ ಹಿಂದೆ ಬೀಳುತ್ತದೆ ಎಂದು ತೋರಿಸಿದ್ದಾರೆ. ಗಡಿಯಾರ ಹಿಡಿದಾಗ ಒತ್ತೊತ್ತಾಗಿ ಬರುವ ಗುಂಪಿನ ಪ್ಯಾಕೆಟ್‌ಗಳು ತಪ್ಪಿಹೋಗುತ್ತವೆ, ನಮ್ಮ ಸಂಜೆಯ ಟ್ರಾಫಿಕ್ ಅಂಥದ್ದೇ. ಸರಾಸರಿ ಎಷ್ಟು ನಿಮಿಷದ್ದು, ಯಾವ ಪಾಲನ್ನು ಬಿಟ್ಟಿದ್ದೀರಿ, ಅಳೆದದ್ದು ನಮ್ಮ ಊರಿನ ಲೈನಿನಲ್ಲೋ ದೂರದ ನಗರದ ರೂಟರಿನಲ್ಲೋ, ಆ ಗಂಟೆಯಲ್ಲಿ ಬಿದ್ದುಹೋದ ಪ್ಯಾಕೆಟ್‌ಗಳೆಷ್ಟು ಎಂಬುದೂ ಬೇಕು. ಬಿದ್ದ ಪ್ಯಾಕೆಟ್‌ಗಳಿಗೂ ರೂಟರಿನಲ್ಲಿ ಕೌಂಟರ್ ಇದೆ, ಅದನ್ನು ಓದಲು ಹೊಸ ಯಂತ್ರ ತರಬೇಕಾಗಿಲ್ಲ. ಈ ವಿವರ ಇಂಗ್ಲಿಷ್, ಮಲಯಾಳದ ಜೊತೆ ಕನ್ನಡದಲ್ಲೂ ಇರಲಿ. ಈ ಭಾಗದ ಹಿರಿಯರಲ್ಲಿ ಹಲವರು ಓದುವುದು ಕನ್ನಡವೊಂದನ್ನೇ, ಬಿಲ್ ಕಟ್ಟುವವರೂ ಅವರೇ.

ಕಂಪನಿ ಸಂಜೆ ಏಳರಿಂದ ಎಂಟರ ಐದು ನಿಮಿಷದ ಅಂಕಿಗಳನ್ನು, ಏನನ್ನೂ ಬಿಡದೆ, ಒಂದು ತಿಂಗಳಿನದ್ದು ಕೊಟ್ಟರೆ ಅವರ ಇಂಜಿನಿಯರರ ಜೊತೆ ಕೂತು ನೋಡಲು ನಾನು ಸಿದ್ಧಳಿದ್ದೇನೆ. ಲೈನು ಸಾಕಾಗುತ್ತಿದೆ ಎಂದು ಆ ಅಂಕಿಗಳು ಹೇಳಿದರೆ ಅದನ್ನೂ ನಿಮ್ಮ ಪತ್ರಿಕೆಯಲ್ಲೇ ಬರೆಯುತ್ತೇನೆ. ತೊಂದರೆ ಆಗ ಮನೆಯ ವೈಫೈಯಲ್ಲೋ ಲೈನನ್ನು ಮನೆಮನೆಗೆ ಕವಲೊಡೆಸುವ ಕಂಬದ ಮೇಲಿನ ಸ್ಪ್ಲಿಟರಿನಲ್ಲೋ ಇರಬಹುದು, ಅಲ್ಲಿ ಹುಡುಕೋಣ. ಚೀಟಿ ಎತ್ತಿ ಅಳೆಯಲು ಮುಂದೆ ಬರುವ ಮನೆಯವರಿಗೆ ಬರೆಯುವ ಹಾಳೆಯ ನಮೂನೆಯನ್ನು ನಮ್ಮ ವಾಚನಾಲಯದಲ್ಲಿ ಇಟ್ಟಿರುತ್ತೇನೆ.

ಇತಿ,
ತಮ್ಮ ಓದುಗರಲ್ಲೊಬ್ಬಳು
ಪೆರ್ಲ, ಕಾಸರಗೋಡು ಜಿಲ್ಲೆ